ಮೂವತ್ತೇಳನೆಯ ಚಿತ್ರ

ರೀಲಿನ ಡಬ್ಬಿಯ ಮೇಲೆ ಮೂವತ್ತಾರು ಎಂದು ಅಚ್ಚು ಮಾಡಿರುತ್ತಾರೆ. ಆದರೆ ರೀಲಿನ ತುದಿಯನ್ನು ಬೇಕಾದಷ್ಟೇ ಎಳೆದು, ಅಂಚಿನ ಒಂದು ತೂತೂ ವ್ಯರ್ಥವಾಗದಂತೆ ಕ್ಯಾಮೆರಾಕ್ಕೆ ಸಿಕ್ಕಿಸಬಲ್ಲವನಿಗೆ ಮೂವತ್ತೇಳು ಚಿತ್ರಗಳು ಸಿಗುತ್ತವೆ. ಅಲೆಕ್ಸಾಂಡ್ರಿಯಾದ ಟ್ರಾಮುಗಳಲ್ಲಿ ಮೂವತ್ತೈದು ವರ್ಷ ಟಿಕೆಟ್ ತಪಾಸಣೆ ಮಾಡಿದ ರಿಫಾತನಿಗೆ ಈ ಕೈಚಳಕ ಚೆನ್ನಾಗಿ ಗೊತ್ತಿತ್ತು. ಜೀವಮಾನದಲ್ಲಿ ಅವನು ಟಿಕೆಟ್ ಇಲ್ಲದೆ ಮಾಡಿದ ಪ್ರಯಾಣ ಆ ಮೂವತ್ತೇಳನೆಯ ಚಿತ್ರವೊಂದೇ.

ತಿಂಗಳಿಗೆ ಒಂದು ರೀಲು, ಅದಕ್ಕಿಂತ ಹೆಚ್ಚಿಲ್ಲ. ಬಂದರಿನಲ್ಲಿ ಒಬ್ಬ ನಾವಿಕನಿಂದ ಕೊಂಡ ರಷ್ಯಾದ ಭಾರವಾದ ಕ್ಯಾಮೆರಾವನ್ನು ಅವನು ಚರ್ಮದ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೂ ಒಯ್ಯುತ್ತಿದ್ದ. ಟ್ರಾಮಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ ಮುದುಕ, ಕಡಲ ತಡಿಯ ಬೆಂಚಿನ ಮೇಲೆ ಹುರಿದ ಕಡಲೆಬೀಜದ ಸಿಪ್ಪೆ ಸುಲಿಯುವ ಹುಡುಗಿಯರು, ಮಳೆ ನಿಂತ ಮೇಲೆ ಹೊಳೆಯುವ ಹಳಿಗಳು. ಒಂದೊಂದಕ್ಕೂ ಮೊದಲು ಮನಸ್ಸಿನಲ್ಲೇ ಬೆಲೆ ಕಟ್ಟಿ, ತೆಗೆಯಬಹುದು ಎನಿಸಿದರೆ ಮಾತ್ರ ಗುಂಡಿ ಒತ್ತುತ್ತಿದ್ದ. ಹೀಗೆ ಜಿಪುಣತನದಿಂದ ತಿಂಗಳು ಪೂರ್ತಿ ಎಳೆದ ರೀಲಿನ ಕೊನೆಯಲ್ಲಿ ಅವನಿಗೆ ಎಲ್ಲಿಲ್ಲದ ಅವಸರ. ಶುಕ್ರವಾರ ಬೆಳಿಗ್ಗೆ ಬಿಶಾರಾನ ಸ್ಟುಡಿಯೋಗೆ ಹೋಗಿ ರೀಲು ತೊಳೆಸಬೇಕು. ಆದರೆ ಮೂವತ್ತೇಳನೆಯದು ಉಳಿದಿದೆ, ಅದನ್ನು ಬಿಡಲು ಮನಸ್ಸಿಲ್ಲ. ಆಗ ಅವನು ತನ್ನ ಮೂರನೆಯ ಮಹಡಿಯ ಬಾಲ್ಕನಿಗೆ ಬಂದು, ಬಟ್ಟೆ ಒಣಗಿಸುವ ಹಗ್ಗಕ್ಕೆ ತಗಲದಂತೆ ಕಟಕಟೆಯ ಮೂಲೆಗೆ ಮೊಣಕೈ ಊರಿ, ಎದುರಿಗೆ ಏನಿದೆಯೋ ಅದನ್ನು ತೆಗೆದು ರೀಲು ಮುಗಿಸುತ್ತಿದ್ದ.

ಎದುರಿಗೆ ಇದ್ದದ್ದು ಅವನ ಅಕ್ಕ ಇನ್‌ಸಾಫಳ ಮನೆಯಿದ್ದ ಕಟ್ಟಡ. ತಾಯಿ ಸತ್ತಾಗ ರಿಫಾತನಿಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಅವಳು ಹಡಗಿಗೆ ಬಣ್ಣ ಬಳಿಯುವ ಸಯ್ಯದ್‌ನನ್ನು ಮದುವೆಯಾಗಿ ಈ ಓಣಿಗೆ ಬಂದಳು. ತಮ್ಮ ತನ್ನ ಮದುವೆಯಾದ ಮೇಲೆ ಹುಡುಕಿ ಹುಡುಕಿ ಅದೇ ಓಣಿಯ ಈಚೆ ಬದಿಯಲ್ಲಿ ಮನೆ ಹಿಡಿದ. ಶುಕ್ರವಾರ ಬೆಳಗಿನ ಆ ಹೊತ್ತಿಗೆ ಇನ್‌ಸಾಫ್ ತನ್ನ ಬಾಲ್ಕನಿಯಿಂದ ಹಗ್ಗದ ತುದಿಗೆ ಬುಟ್ಟಿ ಕಟ್ಟಿ ಕೆಳಗೆ ಬಿಡುತ್ತಿದ್ದಳು. ಸಯ್ಯದ್ ಹಡಗಿನ ನೀಲಿ ಬಣ್ಣ ಬಳಿದುಕೊಟ್ಟ ಬುಟ್ಟಿ. ನೆಲಮಹಡಿಯಲ್ಲಿ ದರ್ವೀಶನ ಇಸ್ತ್ರಿ ಅಂಗಡಿ, ಎರಡು ಹಲಗೆಯ ಹಸಿರು ಬಾಗಿಲು. ಬುಟ್ಟಿ ಸರಿಯಾಗಿ ಆ ಬಾಗಿಲಿನ ಬಲಗಡೆಯ ಕಂಬದ ಮುಂದೆ ಇಳಿಯುತ್ತಿತ್ತು. ದರ್ವೀಶ್ ಕುಳಿತಲ್ಲಿಂದಲೇ ಕೈಚಾಚಿ ಅದರಲ್ಲಿ ರೊಟ್ಟಿ, ಬೇಯಿಸಿದ ಅವರೆಯ ಡಬ್ಬಿ, ಪತ್ರಿಕೆ ಇಡುತ್ತಿದ್ದ.

ಬಿಶಾರಾ ರೀಲಿನಲ್ಲಿದ್ದುದನ್ನೆಲ್ಲ ಸಾಲಾಗಿ ಪ್ರಿಂಟ್ ಹಾಕುವವನು, ಆರಿಸುವ ಅಭ್ಯಾಸವಿಲ್ಲ. ಹೀಗಾಗಿ ಪ್ರತಿ ತಿಂಗಳೂ ಎದುರುಮನೆಯ ಗೋಡೆಯೂ ಕಾಗದಕ್ಕೆ ಇಳಿಯುತ್ತಿತ್ತು.

"ಬಂತು ನೋಡಿ, ಗೋಡೆ ಮಹಾರಾಯ," ಎನ್ನುತ್ತಿದ್ದಳು ಹೆಂಡತಿ ನಾದಿರಾ. "ಮುಕ್ಕಾಲು ಪೌಂಡು ದಂಡ. ಬಾಲ್ಕನಿಗೆ ಹೋದ್ರೆ ಬಿಟ್ಟಿಯಾಗಿ ಕಾಣ್ಸುತ್ತಲ್ರೀ ಅದು."

"ರೀಲು ಮುಗಿಸ್ಬೇಕಲ್ಲ ಮಾರಾಯ್ತಿ."

"ಮುಗಿಸಿ, ಮುಗಿಸಿ. ನಮ್ ಸಂಬಳಾನೂ ಹಾಗೇ ಮುಗಿಸ್ತಾ ಇದೀರಿ."

ಒಳ್ಳೆಯ ಚಿತ್ರಗಳು ಆಲ್ಬಮ್ಮಿಗೆ ಹೋಗುತ್ತಿದ್ದವು. ಗೋಡೆಯ ಚಿತ್ರಗಳು ಈದ್ ಹಬ್ಬದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ. ಎಸೆಯಲು ಅವನ ಕೈ ಏಳುತ್ತಿರಲಿಲ್ಲ, ಎಷ್ಟೆಂದರೂ ದುಡ್ಡು ಕೊಟ್ಟದ್ದು. ಇಪ್ಪತ್ತೊಂದು ವರ್ಷ ಹೀಗೇ ನಡೆಯಿತು. ಡಬ್ಬಿ ತುಂಬಿ, ಮುಚ್ಚಳವನ್ನು ಅಂಗೈಯಿಂದ ಗುದ್ದಿ ಹಾಕಬೇಕಾಯಿತು.

೨೦೦೭ರಲ್ಲಿ ನಾದಿರಾ ಲೆಕ್ಕ ಹಾಕಿದಳು. ಬೆಳ್ಳುಳ್ಳಿ ಸುಲಿಯುತ್ತ ಬಾಯಲ್ಲೇ ಹಾಕಿದ ಲೆಕ್ಕ. ರೀಲಿಗೆ ಹದಿಮೂರು ಪೌಂಡು, ತೊಳೆಯಲು ಮೂರು, ಪ್ರಿಂಟಿಗೆ ಚಿಲ್ಲರೆ ಬಿಟ್ಟು ಇಪ್ಪತ್ತೇಳು, ಒಟ್ಟು ನಲವತ್ಮೂರು. ವರ್ಷಕ್ಕೆ ಐನೂರ ಹದಿನಾರು. ಡಿಜಿಟಲ್ ಕ್ಯಾಮೆರಾಕ್ಕೆ ಸಾವಿರದ ನೂರು, ಕಂತಿನಲ್ಲಿ ಕೊಡುತ್ತಾರೆ.

"ಎರಡು ವರ್ಷ ಕಳೆದ್ರೆ ಹಾಕಿದ್ದು ವಾಪಸ್ ಬಂತು. ಆಮೇಲೆ ಸಾಯೋವರೆಗೂ ಬಿಟ್ಟಿ. ಏನಂತೀರಿ?"

ಲೆಕ್ಕ ಸರಿಯಾಗಿತ್ತು. ಅವನು ರಷ್ಯಾದ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟ. ಬಿಶಾರಾನಿಗೆ ಹೇಳಲು ಹೋದಾಗ ಅವನು ಕೌಂಟರ್ ಒರೆಸುತ್ತಲೇ ಹೇಳಿದ, "ಉಸ್ತಾದ್, ರೀಲು ಬಿಟ್ಟವರಲ್ಲಿ ನೀವು ಮೂವತ್ನಾಲ್ಕನೆಯವರು. ನಾನೇನೂ ಬೇಜಾರು ಮಾಡ್ಕೊಳಲ್ಲ. ಪಾಸ್‌ಪೋರ್ಟ್ ಫೋಟೋ ಬೇಕಾದಾಗ ಬನ್ನಿ."

ಹೊಸ ಕ್ಯಾಮೆರಾದಲ್ಲಿ ಏನೂ ಮುಗಿಯುತ್ತಿರಲಿಲ್ಲ, ಅದೇ ಅದರ ಸೊಗಸು. ಒಂದು ಬೆಕ್ಕಿಗೆ ನಲವತ್ತು ಚಿತ್ರ, ಒಂದು ಸೂರ್ಯಾಸ್ತಕ್ಕೆ ಇನ್ನೂರು. ಬೆಲೆ ಕಟ್ಟುವ ಅಭ್ಯಾಸ ಎರಡೇ ತಿಂಗಳಲ್ಲಿ ಬಿಟ್ಟುಹೋಯಿತು. ಮೊದಮೊದಲು ಕಂಪ್ಯೂಟರಿನ ಮುಂದೆ ಕುಳಿತು ನೋಡುತ್ತಿದ್ದ; ಆಮೇಲೆ ಹಾಕಿ ಇಡುತ್ತಿದ್ದ, ಮುಂದೆಂದಾದರೂ ನೋಡಿದರಾಯಿತೆಂದು. ಹನ್ನೊಂದು ವರ್ಷದಲ್ಲಿ ನಲವತ್ತು ಸಾವಿರ ಚಿತ್ರಗಳಾದವು. ಆ ನಲವತ್ತು ಸಾವಿರದಲ್ಲಿ ಎದುರುಮನೆಯ ಗೋಡೆ ಒಂದರಲ್ಲೂ ಇರಲಿಲ್ಲ. ಮುಗಿಸಬೇಕಾದ ರೀಲೇ ಇಲ್ಲದಿದ್ದಾಗ ಬಾಲ್ಕನಿಗೆ ಹೋಗುವ ಕಾರಣವೇನಿತ್ತು?

ಅದೇ ವರ್ಷಗಳಲ್ಲಿ ಎದುರಿನ ಕಟ್ಟಡಕ್ಕೆ ಎರಡು ಮಹಡಿ ಹೆಚ್ಚಾಗಿದ್ದವು. ದೇಶದಲ್ಲಿ ಗಲಾಟೆ ನಡೆದು ಕೇಳುವವರು ಯಾರೂ ಇಲ್ಲದ ಚಳಿಗಾಲದಲ್ಲಿ ಮಾಲೀಕ ಹಾಜಿ ಅತ್ತಿಯಾ ನಾಲ್ಕು ಮಹಡಿಯ ಹಳೆಯ ಗೋಡೆಗಳ ಮೇಲೆ ಹೊಸದಾಗಿ ಇಟ್ಟಿಗೆ ಏರಿಸಿದ. ಬೇಸಿಗೆಯಲ್ಲಿ ಕಡಲಿಗೆ ಬರುವ ಪರಊರಿನವರಿಗೆ ಆ ಮಹಡಿಗಳನ್ನು ವಾರದ ಬಾಡಿಗೆಗೆ ಕೊಡುತ್ತಿದ್ದ. ಹಳೆಯ ಬಾಡಿಗೆದಾರರು ತಿಂಗಳಿಗೆ ಕೊಡುತ್ತಿದ್ದುದು ಹನ್ನೆರಡು, ಹದಿನೈದು ಪೌಂಡು. ಹಳೆಯ ಕರಾರು, ಸಾಯುವವರೆಗೆ ಬಿಡಿಸುವಂತಿಲ್ಲ. ಅವರನ್ನು ಎಬ್ಬಿಸಲು ಹಾಜಿ ಹಿಂದೆ ಎರಡು ಸಲ ಎಂಜಿನಿಯರನನ್ನು ಕರೆತಂದು, ಕಟ್ಟಡ ಬೀಳುತ್ತದೆಂದು ಕಾಗದ ಮಾಡಿಸಿದ್ದ. ಎರಡು ಸಲವೂ ಇನ್‌ಸಾಫ್ ಮುಂದೆ ನಿಂತು ಎಲ್ಲ ಮನೆಯವರಿಂದ ಹಣ ಕೂಡಿಸಿ ಕೋರ್ಟಿಗೆ ಹೋಗಿ ಗೆದ್ದಿದ್ದಳು. ಅಂದಿನಿಂದ ಆ ಕಟ್ಟಡದಲ್ಲಿ 'ಅಪಾಯ' ಎಂಬ ಮಾತು ಆಡಿದವನನ್ನು ಹಾಜಿಯ ಕಡೆಯವನೆಂದೇ ತಿಳಿಯುತ್ತಿದ್ದರು.

೨೦೧೮ರಲ್ಲಿ ರಿಫಾತ್ ನಿವೃತ್ತನಾದ. ಅದೇ ತಿಂಗಳು ಚಿತ್ರಗಳಿದ್ದ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತಿತು. ರಿಪೇರಿಯವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನಾಲ್ಕು ಸಾವಿರ ಕೊಟ್ಟರೆ ಪ್ರಯತ್ನಿಸುತ್ತೇನೆ, ಭರವಸೆ ಕೊಡುವುದಿಲ್ಲ ಎಂದ. ಆ ಸಂಜೆ ನಾದಿರಾ ಇನ್ನೊಂದು ಲೆಕ್ಕ ಹಾಕಿದಳು, ಈ ಸಲ ಕಾಗದದ ಮೇಲೆ. ಕ್ಯಾಮೆರಾ, ಉಪ್ಪುಗಾಳಿಗೆ ಅದು ಕೆಟ್ಟ ಮೇಲೆ ಕೊಂಡ ಎರಡನೆಯ ಕ್ಯಾಮೆರಾ, ಕಾರ್ಡು, ಬ್ಯಾಟರಿ, ಕಂಪ್ಯೂಟರು, ಈ ಡಿಸ್ಕು.

"ಆರು ಸಾವಿರದ ಎಂಟ್ನೂರ ನಲವತ್ತು," ಎಂದಳು. "ಹಳೇ ಬೆಲೇಲಿ ಹನ್ನೊಂದು ವರ್ಷದ ರೀಲಿಗೆ ಐದು ಸಾವಿರದ ಆರ್ನೂರು ಚಿಲ್ಲರೆ ಆಗ್ತಿತ್ತು. ರೀಲೂ ತುಟ್ಟಿಯಾಗಿದೆ, ಅದು ಬೇರೆ ಮಾತು." ಪೆನ್ನು ಕೆಳಗಿಟ್ಟು ಕೇಳಿದಳು, "ಅಲ್ಲಾರೀ, ಫೋಟೋ ಎಲ್ಲಿವೆ?"

ಮರುದಿನ ಅವನು ಬೀರುವಿನ ಮೇಲಿನ ಬಟ್ಟೆಯ ಗಂಟು ಬಿಚ್ಚಿದ.

ಬಿಶಾರಾನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯಲ್ಲಿ ಈಗ ಗುರುತಿನ ಚೀಟಿಯ ಫೋಟೋ, ಜೆರಾಕ್ಸ್. ಹಳೆಯ ಹುಚ್ಚು ಬಿಡದ ಐದಾರು ಜನರಿಗಾಗಿ ಮಾತ್ರ ಒಳಗಿನ ಕತ್ತಲೆ ಕೋಣೆಯನ್ನು ಹಾಗೇ ಉಳಿಸಿಕೊಂಡಿದ್ದ. ರೀಲು ತೊಳೆಯುವ ಔಷಧ ಯಾರದೋ ಪೆಟ್ಟಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು.

"ನೂರ ಅರವತ್ತು," ಎಂದ ರೀಲನ್ನು ಕೌಂಟರಿನ ಮೇಲಿಟ್ಟು. "ತೊಳೆಯೋಕೆ ಅರವತ್ತು. ಪ್ರಿಂಟ್ ಬೇರೆ. ಕೂತ್ಕೊಂಡು ಕೇಳಬೇಕಾದ ಬೆಲೆ ಅಂತ ನನಗೂ ಗೊತ್ತು ಉಸ್ತಾದ್, ಕುರ್ಚಿ ಅಲ್ಲಿದೆ."

ಪಿಂಚಣಿಯವನಿಗೆ ಅದು ಮೂರು ತಿಂಗಳ ರೀಲಾಯಿತು. ಬೆಲೆ ಕಟ್ಟುವ ಅಭ್ಯಾಸ ಮರಳಿ ಬಂತು. ಎಷ್ಟೋ ವರ್ಷದ ಮೇಲೆ ಟ್ರಾಮಿನ ಕಿಟಕಿಯಲ್ಲಿ ನಿಜವಾಗಿ ಏನಿದೆ ಎಂದು ನೋಡಿದಂತಾಯಿತು ಅವನಿಗೆ. ವಸಂತದ ಒಂದು ಶುಕ್ರವಾರ ಮೂವತ್ತಾರು ಮುಗಿದವು. ಕಾಲು ತಾನಾಗಿ ಬಾಲ್ಕನಿಗೆ ನಡೆಯಿತು, ಮೊಣಕೈ ತಾನಾಗಿ ಆ ಮೂಲೆಯನ್ನು ಹುಡುಕಿಕೊಂಡಿತು. ಎದುರಿಗೆ ಅಕ್ಕ ಬುಟ್ಟಿ ಇಳಿಸುತ್ತಿದ್ದಳು. ಅವನು ಗುಂಡಿ ಒತ್ತಿದ.

ಪ್ರಿಂಟುಗಳು ಬಂದ ದಿನ ಗೋಡೆಯ ಚಿತ್ರವನ್ನು ಹಾಕಲು ತಗಡಿನ ಡಬ್ಬಿಯ ಮುಚ್ಚಳ ತೆಗೆದ. ಮೇಲುಗಡೆ ಇದ್ದದ್ದು ೨೦೦೭ರ ಕೊನೆಯ ಚಿತ್ರ. ಅದೇ ಬಾಗಿಲು, ಅದೇ ನೀಲಿ ಬುಟ್ಟಿ, ಅದೇ ಬೆಳಗಿನ ಬಿಸಿಲು. ಆದರೆ ಹಳೆಯದರಲ್ಲಿ ಬುಟ್ಟಿ ಬಾಗಿಲಿನ ಬಲಗಂಬದ ಮುಂದಿತ್ತು. ಹೊಸದರಲ್ಲಿ ಎರಡು ಹಲಗೆಗಳು ಕೂಡುವ ನಡುಮಧ್ಯಕ್ಕೆ ಬಂದಿತ್ತು.

ಮೊದಲು ಅವನಿಗೆ ನಗು ಬಂತು. ತಾನೇ ಎಲ್ಲೋ ಸರಿದು ನಿಂತಿರಬೇಕು. ಬಾಲ್ಕನಿಗೆ ಹೋಗಿ ನೋಡಿದ. ಮೊಣಕೈ ಊರಿ ಊರಿ ಕಟಕಟೆಯ ಬಣ್ಣ ಅಲ್ಲೊಂದೇ ಕಡೆ ಸವೆದು ತಗಡು ಕಾಣುತ್ತಿತ್ತು. ಅಕ್ಕ ಬುಟ್ಟಿಯನ್ನು ಬೇರೆ ಕಡೆಯಿಂದ ಬಿಟ್ಟಿರಬೇಕು. ಎರಡೂ ಚಿತ್ರಗಳಲ್ಲಿ ಹಗ್ಗ ಬಾಲ್ಕನಿಯ ಅದೇ ಕಬ್ಬಿಣದ ಕೊಕ್ಕೆಯಿಂದ ಇಳಿದಿತ್ತು. ಅವನು ಡಬ್ಬಿಯನ್ನು ಹಾಸಿಗೆಯ ಮೇಲೆ ಸುರುವಿ, ೧೯೮೬ರಿಂದ ಸಾಲಾಗಿ ಇಡುತ್ತ ಹೋದ. ಇಪ್ಪತ್ತೊಂದು ವರ್ಷದ ಬುಟ್ಟಿಗಳೆಲ್ಲವೂ ಆ ಬಲಗಂಬದ ಮುಂದೆಯೇ ಇದ್ದವು. ಎಡಗಡೆ, ಅಕ್ಕನ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ಆಕಾಶದ ಪಟ್ಟಿಯೊಂದಿತ್ತು. ಹಳೆಯ ಚಿತ್ರಗಳಲ್ಲಿ ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ. ಹೊಸದರಲ್ಲಿ ಅದು ಮೇಲೆ ಕಿರಿದಾಗಿತ್ತು, ಮುಚ್ಚಿಕೊಳ್ಳುತ್ತಿರುವ ಕತ್ತರಿಯ ಹಾಗೆ.

ಹಗ್ಗ ಎಂದೂ ಸುಳ್ಳು ಹೇಳುವುದಿಲ್ಲ, ಅದು ನೆಟ್ಟಗೇ ಇಳಿಯುತ್ತದೆ. ಬುಟ್ಟಿ ಸರಿದಿದೆಯೆಂದರೆ ಕೊಕ್ಕೆ ಸರಿದಿದೆ. ಕೊಕ್ಕೆ ಸರಿದಿದೆಯೆಂದರೆ ಅಕ್ಕನ ಮನೆಯೇ ಒಂದು ಗೇಣಿಗಿಂತ ಹೆಚ್ಚು ಎಡಕ್ಕೆ ಸರಿದಿದೆ.

ಸರಿದದ್ದು ಯಾವಾಗ? ಹೊಸ ಮಹಡಿ ಏರಿದ ವರ್ಷ ಒಂದೇ ಸಲಕ್ಕೆ ಸರಿದು ನಿಂತುಬಿಟ್ಟಿದೆಯೋ, ಅಥವಾ ಕಳೆದ ತಿಂಗಳಿನಿಂದ ದಿನದಿನಕ್ಕೂ ಸರಿಯುತ್ತಿದೆಯೋ? ಮೊದಲನೆಯದಾದರೆ ಇನ್ನೂ ನೂರು ವರ್ಷ ನಿಲ್ಲಬಹುದು. ಎರಡನೆಯದಾದರೆ ಎಷ್ಟು ದಿನ ಉಳಿದಿದೆಯೋ ದೇವರಿಗೇ ಗೊತ್ತು. ಹೇಳಬಲ್ಲ ಚಿತ್ರ ಒಂದಾದರೂ ಬೇಕಿತ್ತು, ಮಧ್ಯದ ಯಾವುದೋ ಒಂದು ಶುಕ್ರವಾರದ್ದು. ನಲವತ್ತು ಸಾವಿರ ಚಿತ್ರ ತೆಗೆದವನ ಬಳಿ ಆ ಒಂದು ಇರಲಿಲ್ಲ.

ಹೊಸ ಚಿತ್ರ, ಹಳೆಯವುಗಳಲ್ಲಿ ಹತ್ತು, ನೆಗೆಟಿವ್‌ಗಳ ಲಕೋಟೆ ಇಷ್ಟನ್ನೂ ತೆಗೆದುಕೊಂಡು ಅವನು ಅಕ್ಕನ ಮೆಟ್ಟಿಲು ಹತ್ತಿದ.

ಇನ್‌ಸಾಫ್ ಬದನೆಕಾಯಿ ಕರಿಯುತ್ತಿದ್ದಳು. "ಬಾರೋ. ಬಾಗಿಲು ಜೋರಾಗಿ ತಳ್ಳು, ಈಗೀಗ ನೆಲಕ್ಕೆ ಉಜ್ಜುತ್ತೆ. ಬಡಗಿಗೆ ಹೇಳಿದೀನಿ."

"ಅಕ್ಕ, ಸ್ವಲ್ಪ ಕೂತ್ಕೊ. ಏನೋ ತೋರಿಸ್ಬೇಕು."

"ಫೋಟೋನಾ? ನಿನ್ ಟ್ರಾಮ್ ಫೋಟೋ ನೋಡೀ ನೋಡೀ ನನಗೆ ಟ್ರಾಮ್ ಹತ್ತಿದ್ರೇ ತಲೆ ಸುತ್ತುತ್ತೆ."

ಅವನು ಚಿತ್ರಗಳನ್ನು ಮೇಜಿನ ಮೇಲೆ ಜೋಡಿಸಿ, ಬುಟ್ಟಿಯ ವಿಷಯ ಹೇಳಿದ. ಅವಳು ಸೌಟನ್ನು ಕೈಯಲ್ಲಿ ಹಿಡಿದೇ ಪೂರ್ತಿ ಕೇಳಿದಳು. ಕೇಳಿದ ಮೇಲೆ ಅವಳ ಮುಖ ಗಟ್ಟಿಯಾಯಿತು.

"ಹಾಜಿ ಎಷ್ಟು ಕೊಟ್ಟ ನಿನಗೆ?"

"ಅಕ್ಕ..."

"ಇಲ್ಲ, ಹೇಳು. ಪಿಂಚಣಿ ಸಾಲ್ದೇ ಹೋಗಿರಬಹುದು. ಎಂಜಿನಿಯರ್ ಬಂದ, ಲಾಯರ್ ಬಂದ, ನಾನು ಅಲ್ಲಾಡ್ಲಿಲ್ಲ. ಈಗ ತಮ್ಮನ್ನೇ ಕಳಿಸಿದಾನೆ. ಬುದ್ಧಿವಂತ."

"ನೀನು ನನ್ನ ತಲೆ ಬಾಚಿದವಳು. ನಿನ್ನ ಮೇಲಾಣೆ ಇಟ್ಟು ಹೇಳ್ಲಾ?"

"ಆಣೆ ಬೇಡ. ಈಗಿನ ಕಾಲದಲ್ಲಿ ಕಂಪ್ಯೂಟರ್‌ನಲ್ಲಿ ಒಂಟೆಗೆ ರೆಕ್ಕೆ ಹಚ್ತಾರೆ. ಗೋಡೆ ವಾಲಿಸೋದು ಯಾವ ಮಹಾ ಕೆಲ್ಸ?"

ಅವನು ಲಕೋಟೆಯಿಂದ ನೆಗೆಟಿವ್ ಪಟ್ಟಿಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. "ಇದನ್ನ ಕಂಪ್ಯೂಟರ್ ಮುಟ್ಟಿಲ್ಲ. ಬೆಳಕು ಬಿದ್ದಲ್ಲೇ ಬಿದ್ದಿದೆ. ನೋಡು, ಆ ಹಳದಿ ಚುಕ್ಕೆನೇ ನಿನ್ನ ನೀಲಿ ಬುಟ್ಟಿ."

ಅವಳು ಕನ್ನಡಕ ಹಾಕಿಕೊಂಡಳು. ಒಂದೊಂದೇ ಪಟ್ಟಿ ನೋಡಿದಳು, ಒಂದೊಂದೇ ಪ್ರಿಂಟ್ ನೋಡಿದಳು. ಒಂದರ ಹತ್ತಿರ ನಿಂತಳು. ಅದರಲ್ಲಿ ಬಾಲ್ಕನಿಯ ಮೇಲೆ ಬನಿಯನ್ ತೊಟ್ಟ ಸಯ್ಯದ್, ಹಗ್ಗವನ್ನು ಕೈಯಲ್ಲಿ ಹಿಡಿದು ಕೆಳಗೆ ಬಗ್ಗಿ ದರ್ವೀಶನಿಗೆ ಏನೋ ಹೇಳುತ್ತಿದ್ದ. ಅವನು ಸತ್ತು ಹದಿನಾಲ್ಕು ವರ್ಷವಾಗಿತ್ತು.

"ಇವರಿದ್ದಾಗ ಬುಟ್ಟಿ ಕಂಬದ ಹತ್ರಾನೇ ಇಳೀತಿತ್ತು," ಎಂದಳು ನಿಧಾನವಾಗಿ. "ದರ್ವೀಶ್ ಕೂತಲ್ಲಿಂದ್ಲೇ ಕೈ ಹಾಕ್ತಿದ್ದ. ಈಗ ಎದ್ದು ಬರ್ತಾನೆ. ವಯಸ್ಸಾಯ್ತಲ್ಲ, ಕೈ ಎಟುಕಲ್ಲ ಅಂತ ನಾನೇ ತಮಾಷೆ ಮಾಡಿದ್ದೆ."

ಒಲೆಯ ಮೇಲೆ ಬದನೆಕಾಯಿ ಸೀದ ವಾಸನೆ ಬಂತು. ಇಬ್ಬರೂ ತಿರುಗಿ ನೋಡಿದರು. ಬಾಣಲೆಯ ಎಣ್ಣೆಯೆಲ್ಲ ಎಡಬದಿಗೆ ಸೇರಿ, ಬಲಬದಿಯ ಹೋಳುಗಳು ಒಣಗಿ ಕಪ್ಪಾಗಿದ್ದವು. ಬಾಣಲೆ ಸೊಟ್ಟಗಾಗಿದೆಯೆಂದು ಅವಳು ಆ ವರ್ಷ ಎರಡನೆಯದನ್ನು ಕೊಂಡಿದ್ದಳು.

ಆದರೂ ಅವಳು ಮನೆ ಬಿಡಲಿಲ್ಲ, ಅರ್ಧ ಬಿಟ್ಟಳು. ಮಲಗಲು ತಮ್ಮನ ಮನೆಗೆ ಬಂದಳು. ಹಳೆಯ ಕರಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗಿಟ್ಟುಕೊಂಡಳು. ಮನೆ ಮುಚ್ಚಿಬಿದ್ದಿದೆಯೆಂದು ಹಾಜಿ ಕೋರ್ಟಿಗೆ ಹೋಗದಿರಲೆಂದು ಒಂದನೇ ತಾರೀಕು ಬಾಡಿಗೆ ಕಟ್ಟಿ ರಸೀದಿ ಪಡೆದಳು; ಪ್ರತಿ ಶುಕ್ರವಾರ ಬೆಳಿಗ್ಗೆ ಹೋಗಿ ಕಾಮಕಸ್ತೂರಿ ಗಿಡಕ್ಕೆ ನೀರು ಹಾಕಿ, ನಾಲ್ಕು ಜನರಿಗೆ ಕಾಣುವಂತೆ ಬುಟ್ಟಿ ಇಳಿಸುತ್ತಿದ್ದಳು. ಮಿಕ್ಕ ದಿನ ಹಗ್ಗ ಕೊಕ್ಕೆಯಿಂದ ಇಳಿಬಿದ್ದೇ ಇರುತ್ತಿತ್ತು. ಬುಟ್ಟಿಯಲ್ಲಿ ದರ್ವೀಶ್ ತನ್ನ ಹಳೆಯ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಭಾರಕ್ಕೆ ಇಟ್ಟಿದ್ದ.

ಉಳಿದ ಮನೆಯವರಿಗೆ ರಿಫಾತ್ ಹೇಳಿನೋಡಿದ. ಯಾರೂ ಒಳಗೆ ಕರೆದು ಚಹಾ ಕೊಡಲಿಲ್ಲ. ನಾಲ್ಕನೆಯ ಮಹಡಿಯವನು ಬಾಗಿಲಲ್ಲೇ ನಿಂತು ಹೇಳಿದ, "ಟಿಕೆಟ್ ಚೆಕ್ ಮಾಡೋ ಚಟ ಹೋಗಿಲ್ಲ ಅನ್ಸುತ್ತೆ ನಿಮಗೆ. ನಮ್ ಹತ್ರ ಟಿಕೆಟ್ ಇದೆ, ಇಳಿಯಲ್ಲ."

ಹಾಜಿ ಅತ್ತಿಯಾ ಓಣಿಯಲ್ಲಿ ಸಿಕ್ಕಿ ಭುಜದ ಮೇಲೆ ಕೈಹಾಕಿದ. "ಅಕ್ಕನನ್ನ ಕರ್ಕೊಂಡ್ ಹೋಗಿದೀಯಂತೆ. ದೊಡ್ಡ ಪುಣ್ಯದ ಕೆಲಸ. ಒಂದು ಸಹಿ ಹಾಕಿಸ್ಕೊಟ್ಟಿದ್ರೆ ಇನ್ನೂ ಪುಣ್ಯ ಬರ್ತಿತ್ತು."

"ಬೀಳುತ್ತೆ ಹಾಜಿ ಅದು. ನಿಜವಾಗ್ಲೂ."

"ಹತ್ತೊಂಬತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಲ್ಲಪ್ಪಾ," ಎಂದು ಹಾಜಿ ನಕ್ಕ. ತನ್ನ ಸುಳ್ಳು ನಿಜವಾಗಬಹುದೆಂಬ ಅನುಮಾನ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

ನಂಬಿದವನು ದರ್ವೀಶ್ ಒಬ್ಬನೇ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ, ಗಾಳಿಯಿಲ್ಲದ ಬೆಳಗಿನಲ್ಲಿ, ಹಗ್ಗದ ಎದುರಿಗೆ ಬಾಗಿಲಿನ ಮೇಲೆ ಒಂದು ಗೀಟು ಎಳೆದ. ಎರಡನೆಯ ವಾರ ಹಗ್ಗ ಗೀಟಿನಿಂದ ದಾರದೆಳೆಯಷ್ಟು ಎಡಕ್ಕೆ ಹೋಗಿತ್ತು. ಅಲ್ಲೊಂದು ಗೀಟು ಎಳೆದ. ನಾಲ್ಕನೆಯ ವಾರ ಬೆರಳಿನಗಲ. ಇನ್ನೊಂದು ಗೀಟು. ಗಿರಾಕಿಗಳು ಅದೇನೆಂದು ಕೇಳಿದರೆ, "ಅಬ್ಲಾ ಇನ್‌ಸಾಫ್ ಲೆಕ್ಕ" ಎಂದಷ್ಟೇ ಹೇಳುತ್ತಿದ್ದ. ಹಿರಿಯಕ್ಕನೆಂದು ಓಣಿಯವರೆಲ್ಲ ಅವಳನ್ನು ಅಬ್ಲಾ ಎಂದೇ ಕರೆಯುತ್ತಿದ್ದರು.

ರಿಫಾತ್ ಇನ್ನೊಂದು ರೀಲು ಕೊಂಡ. ನೂರ ಅರವತ್ತು ಪೌಂಡಿನ ಆ ರೀಲಿನಲ್ಲಿ ಟ್ರಾಮಿಲ್ಲ, ಕಡಲಿಲ್ಲ, ಬೆಕ್ಕಿಲ್ಲ. ದಿನಕ್ಕೊಂದರಂತೆ, ಬೆಳಗಿನ ಅದೇ ಹೊತ್ತಿಗೆ, ಮೊಣಕೈ ಅದೇ ಕಡೆ ಊರಿ, ಗೋಡೆಯ ಚಿತ್ರ. ನಾದಿರಾ ದಂಡದ ಮಾತನ್ನು ಎತ್ತಲಿಲ್ಲ. ಅವಳೇ ದಿನವೂ ಬಟ್ಟೆ ಒಣಗಿಸುವ ಹಗ್ಗವನ್ನು ಸರಿಸಿಕೊಡುತ್ತಿದ್ದಳು. ಕ್ಯಾಮೆರಾದ ಮೇಲಿನ ಅಂಕಿ ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಅಷ್ಟರಲ್ಲಿ ಬೇಸಿಗೆ ಬಂದು ಮೇಲಿನ ಎರಡು ಮಹಡಿಗಳಿಗೆ ಪರಊರಿನವರು ಬಂದಿಳಿದರು. ಹೆಂಗಸರು, ಮಕ್ಕಳು, ಗಾಳಿ ತುಂಬಿದ ಈಜುಚಕ್ರಗಳು. ಅವರಲ್ಲಿ ಒಬ್ಬರ ಹೆಸರೂ ಓಣಿಯವರಿಗೆ ಗೊತ್ತಿರಲಿಲ್ಲ.

ಮೂವತ್ತೇಳನೆಯ ದಿನ ಶುಕ್ರವಾರವಾಗಿತ್ತು.

ಇನ್‌ಸಾಫ್ ಗಿಡಕ್ಕೆ ನೀರು ಹಾಕಲು ಹೋಗಿದ್ದಳು. ಹಗ್ಗದ ತುದಿಯ ಇಸ್ತ್ರಿಪೆಟ್ಟಿಗೆಯನ್ನು ದರ್ವೀಶ್ ತೆಗೆದು, ಅವಳಿಗಾಗಿ ರೊಟ್ಟಿ ಇಟ್ಟು ಒಳಗೆ ಹೋದ. ರಿಫಾತ್ ಮೊಣಕೈ ಊರಿ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ. ನಾದಿರಾ ಒಣಹಾಕಿದ ಬಟ್ಟೆಗಳಲ್ಲಿ ಒಂದು ತೋಳೂ ಅಲುಗುತ್ತಿರಲಿಲ್ಲ. ಅಷ್ಟು ನಿಶ್ಚಲವಾದ ಬೆಳಗು. ಆದರೆ ಕಿಂಡಿಯೊಳಗೆ ನೀಲಿ ಬುಟ್ಟಿ ಆಡುತ್ತಿತ್ತು. ಆಚೆಗೆ, ಈಚೆಗೆ, ಯಾರೋ ಮೆಲ್ಲಗೆ ತೂಗಿದ ಹಾಗೆ.

ಅವನು ಗುಂಡಿ ಒತ್ತಲಿಲ್ಲ. ಕ್ಯಾಮೆರಾ ಇಳಿಸಿ ಬರಿಗಣ್ಣಿನಿಂದ ನೋಡಿದ. ಗಂಜಿ ಹಾಕಿದ ಹೊಸ ಬಟ್ಟೆಯನ್ನು ನಿಧಾನವಾಗಿ ಹರಿದಂಥ ಸದ್ದು ಎಲ್ಲಿಂದಲೋ ಬಂತು.

"ಅಕ್ಕ, ಬುಟ್ಟಿ ನೋಡು," ಎಂದು ಕೂಗಿದ.

ಅವಳು ಬಗ್ಗಿ ನೋಡಿದಳು. ಒಂದು ಕ್ಷಣ ತಮ್ಮನ ಮುಖ ನೋಡಿದಳು. ನೀರಿನ ಚೊಂಬನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಕೆಳಗೆ ದರ್ವೀಶ್ ಹೊರಬಂದು ಮೇಲೆ ನೋಡಿ, ಮತ್ತೆ ಒಳಗೆ ಹೋಗಿ ಇಸ್ತ್ರಿಯ ಪ್ಲಗ್ ಕಿತ್ತು, ಬಾಗಿಲನ್ನು ತೆರೆದೇ ಬಿಟ್ಟು ಓಣಿಯ ನಡುವೆ ಬಂದು ನಿಂತ.

ರಿಫಾತ್ ಮೆಟ್ಟಿಲಿಳಿದು ಎದುರು ಬಾಗಿಲಿಗೆ ಓಡುವಷ್ಟರಲ್ಲಿ ಒಳಗಿನಿಂದ ಅಕ್ಕನ ಧ್ವನಿ ಕೇಳಿಸಿತು. ಅವಳು ಇಳಿಯುತ್ತಿರಲಿಲ್ಲ, ಹತ್ತಿದ್ದಳು. ನಾಲ್ಕನೆಯ ಮಹಡಿಯ ಬಾಗಿಲನ್ನು ಚಪ್ಪಲಿಯಿಂದ ಬಡಿಯುತ್ತಿದ್ದಳು.

"ಇಳೀರಿ. ಈಗ್ಲೇ. ನಾನು ಹೇಳ್ತಿದೀನಿ, ಇನ್‌ಸಾಫ್. ಚಪ್ಪಲಿ ಬೇಡ, ಒಲೆ ಆರಿಸ್ಬೇಡಿ, ಇಳೀರಿ."

"ಅಬ್ಲಾ, ಕರಾರು..."

"ಕರಾರು ನನ್ನ ಎದೆಮೇಲಿದೆ. ಇಳೀರಿ."

ಎಂಜಿನಿಯರನಿಗೆ ಬಗ್ಗದವರು, ರಿಫಾತನಿಗೆ ಚಹಾ ಕೊಡದವರು ಅವಳ ಒಂದು ಮಾತಿಗೆ ಇಳಿದರು. ಹತ್ತೊಂಬತ್ತು ವರ್ಷ ಅವರನ್ನು ಆ ಕಟ್ಟಡದಲ್ಲಿ ಉಳಿಸಿದವಳು ಅವಳು. ಅವಳೇ ಇಳಿಯಿರಿ ಎಂದರೆ ಅದು ಹಾಜಿಯ ಆಟವಾಗಿರಲು ಸಾಧ್ಯವಿಲ್ಲ. ದರ್ವೀಶ್ ಹೊರಗೆ ನಿಂತು ಒಬ್ಬೊಬ್ಬರ ಹೆಸರು ಹೇಳಿ ಎಣಿಸಿದ. ಹದಿನೇಳು ಜನ. ಆಮೇಲೆ ತಲೆ ಎತ್ತಿ, ಯಾವ ಹೆಸರು ಕೂಗಬೇಕೆಂದು ತಿಳಿಯದೆ, "ಮೇಲಿನವರೇ, ಮೇಲಿನವರೇ" ಎಂದು ಕೂಗಿದ. ಉತ್ತರ ಬರಲಿಲ್ಲ. ಅವರು ಎಂಟು ಗಂಟೆಗೇ ಕೊಡೆ, ಈಜುಚಕ್ರ ಹೊತ್ತು ಕಡಲಿಗೆ ಹೋದದ್ದನ್ನು ರೊಟ್ಟಿಯವನು ಬಂದು ಹೇಳುವವರೆಗೂ ಯಾರೂ ಮೇಲಿನ ಕಿಟಕಿಗಳಿಂದ ಕಣ್ಣು ತೆಗೆಯಲಿಲ್ಲ. ಇನ್‌ಸಾಫ್ ಕೊನೆಗೆ ಬಂದಳು, ಒಂದೇ ಚಪ್ಪಲಿಯಲ್ಲಿ.

ಅರ್ಧ ಗಂಟೆ ಕಟ್ಟಡ ಹಾಗೇ ನಿಂತಿತ್ತು. ನಾಲ್ಕನೆಯ ಮಹಡಿಯವನು ವಾಚು ನೋಡಿ, ಪರ್ಸ್ ತರಲು ಹೋಗುತ್ತೇನೆಂದು ಒಂದು ಹೆಜ್ಜೆ ಮುಂದಿಟ್ಟ. ಆಗ ಅದು ಕುಸಿಯಿತು. ದೊಡ್ಡ ಸದ್ದೇನೂ ಇಲ್ಲದೆ, ದಣಿದವನೊಬ್ಬ ಕುಳಿತುಕೊಂಡ ಹಾಗೆ.

ಧೂಳು ಇಳಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ರಿಫಾತ್ ಬಾಲ್ಕನಿಗೆ ಬಂದು ಮೊಣಕೈ ಊರಿದ.

"ಅಲ್ಲೇನಿದೆ ಅಂತ ತೆಗೀತೀರಿ?" ಎಂದಳು ನಾದಿರಾ, ಗದರಿಸುವ ಧ್ವನಿಯಲ್ಲಲ್ಲ.

"ರೀಲು ಮುಗಿಸ್ಬೇಕಲ್ಲ."

ಬಿಶಾರಾ ದುಡ್ಡು ತೆಗೆದುಕೊಳ್ಳಲಿಲ್ಲ. ಮೂವತ್ತೇಳು ಪ್ರಿಂಟುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟ. ಇನ್‌ಸಾಫ್ ಕನ್ನಡಕ ಹಾಕಿಕೊಂಡು ಆ ಸಾಲಿನ ಉದ್ದಕ್ಕೂ ನಡೆದಳು. ಬುಟ್ಟಿ ಒಂದೊಂದು ಎಳೆಯಷ್ಟು ಎಡಕ್ಕೆ, ಎಡಕ್ಕೆ, ಎಡಕ್ಕೆ ಹೋಗಿತ್ತು. ಕೊನೆಯ ಚಿತ್ರದಲ್ಲಿ ಇಟ್ಟಿಗೆಯ ರಾಶಿ, ಅದರ ಮೇಲೆ ಹೇರಳವಾದ ಆಕಾಶ. ಎಡಗಡೆ, ಈವರೆಗೆ ಯಾರಿಗೂ ಕಾಣದಿದ್ದ ಪಕ್ಕದ ಕಟ್ಟಡದ ಬದಿಯ ಗೋಡೆ, ಬೋಳಾಗಿ.

ಅವಳು ಅಲ್ಲೇ ನಿಂತಳು. ಚಿತ್ರವನ್ನು ಎತ್ತಿ ಬೆಳಕಿಗೆ ಹಿಡಿದಳು. ಆ ಬೋಳು ಗೋಡೆಯ ಸಣ್ಣ ಕಿಟಕಿಯೊಂದರಿಂದ ಹಗ್ಗವೊಂದು ಇಳಿದಿತ್ತು, ತುದಿಯಲ್ಲಿ ಕೆಂಪು ಬುಟ್ಟಿ. ಹಗ್ಗದ ಪಕ್ಕದಲ್ಲೇ ನೀರಿನ ಕೊಳವೆ. ಮೇಲೆ ಎರಡೂ ಒಂದಕ್ಕೊಂದು ತಾಗಿದ್ದವು. ಕೆಳಗೆ ನಡುವೆ ಒಂದು ಕೈ ಹಿಡಿಯುವಷ್ಟು ಜಾಗವಿತ್ತು. ನೆಟ್ಟಗಿದ್ದದ್ದು ಹಗ್ಗ.

"ಇದು ಯಾರ ಬುಟ್ಟಿ?" ಎಂದು ಕೇಳಿದಳು.

ರಿಫಾತನಿಗೆ ಗೊತ್ತಿರಲಿಲ್ಲ. ಬಿಶಾರಾನಿಗೂ ಗೊತ್ತಿರಲಿಲ್ಲ.

"ಹೆಸರು ಕೇಳ್ಕೊಂಡು ಬರೋಣ ಬಾ," ಎಂದು ಅವಳು ಚಿತ್ರವನ್ನು ಕರಾರಿದ್ದ ಚೀಲದೊಳಗೆ ಹಾಕಿಕೊಂಡು, ತಮ್ಮನಿಗಿಂತ ಮೊದಲು ಅಂಗಡಿಯ ಮೆಟ್ಟಿಲಿಳಿದಳು.